ನಿಲ್ಲದ ಯಂತ್ರ, ನಿಲ್ಲದ ಕಲಿಕೆ

ಸೂರತ್‌ನ ಮಗ್ಗಗಳು ಹಗಲೂ ರಾತ್ರಿಯೂ ಪಾಳಿಯಲ್ಲಿ ಓಡುತ್ತವೆ. ಇದ್ದಲ್ಲೇ ಇರುವ ಯಂತ್ರಕ್ಕೆ ಕರೆಂಟು ವೈರಿನಲ್ಲಿ ಹರಿದು ಬರುತ್ತದೆ. ಓಡಾಡುತ್ತ ಕಲಿಯಬೇಕಾದ ರೋಬೋಗೆ ಆ ಅನುಕೂಲವಿಲ್ಲ. ಬುತ್ತಿಯನ್ನು ತಾನೇ ಹೊತ್ತು ನಡೆಯಬೇಕು. ಬ್ಯಾಟರಿ ದೊಡ್ಡದಾದಷ್ಟೂ ತೂಕ ಏರುತ್ತದೆ, ಆ ತೂಕವನ್ನು ಎಳೆಯುವುದಕ್ಕೇ ಚಾರ್ಜ್ ಕರಗುತ್ತದೆ. ಚಕ್ರ ತಿರುಗುವುದಕ್ಕೂ, ಕ್ಯಾಮೆರಾ ನೋಡುವುದಕ್ಕೂ, ನೋಡಿದ್ದನ್ನು ಲೆಕ್ಕಹಾಕಿ ಅರ್ಥಮಾಡಿಕೊಳ್ಳುವುದಕ್ಕೂ ಅದೊಂದೇ ಬ್ಯಾಟರಿ. ಹಾಗಾಗಿ ಇಂಥ ಯಂತ್ರವನ್ನು ನಿರಂತರವಾಗಿ ನಡೆಸುವುದು ಹೇಗೆಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಇತ್ಯರ್ಥವಾಗಬೇಕು: ನಿಲ್ಲಬಾರದ್ದು ಯಂತ್ರವೋ, ಕಲಿಕೆಯೋ? ಕಲಿಕೆಯೇ ಎಂಬುದು ನನ್ನ ವಾದ. ಯಂತ್ರ ನಿಂತೇ ನಿಲ್ಲುತ್ತದೆ. ಎಲ್ಲಿ, ಯಾವಾಗ, ಏನನ್ನು ಉಳಿಸಿಕೊಂಡು ನಿಲ್ಲಬೇಕೆಂಬುದು ಅದರ ಕಲಿಕೆಯ ಭಾಗವೇ ಆಗಬೇಕು.

ಇದಕ್ಕೆ ಒಳ್ಳೆಯ ಪುರಾವೆ ಅಹಮದಾಬಾದಿನಲ್ಲಿದೆ. ವಿಕ್ರಮ್ ಸಾರಾಭಾಯಿ 1947ರಲ್ಲಿ ಕಟ್ಟಿದ ಭೌತ ಸಂಶೋಧನಾ ಪ್ರಯೋಗಾಲಯ, ಅಂದರೆ ಪಿಆರ್‌ಎಲ್, ಚಂದ್ರಯಾನ-3ರ ಪ್ರಜ್ಞಾನ್ ರೋವರ್‌ಗಾಗಿ ಎಪಿಎಕ್ಸ್‌ಎಸ್ ಎಂಬ ಉಪಕರಣವನ್ನು ತಯಾರಿಸಿತು. ರೋವರ್‌ನ ತೂಕ 26 ಕಿಲೋ, ಸೌರಫಲಕದಿಂದ ಸಿಗುವ ವಿದ್ಯುತ್ 50 ವ್ಯಾಟ್: ಮನೆಯ ಒಂದು ಫ್ಯಾನಿಗೆ ಬೇಕಾದಷ್ಟು. ರೋವರ್ ನಿಂತಾಗ ಒಂದು ಕೀಲು ತಿರುಗಿ ಉಪಕರಣದ ತಲೆಯನ್ನು ಚಂದ್ರನ ಮಣ್ಣಿನಿಂದ ಸುಮಾರು 5 ಸೆಂಟಿಮೀಟರ್ ಎತ್ತರಕ್ಕೆ ಇಳಿಸುತ್ತಿತ್ತು. ಅದರೊಳಗಿನ ಕ್ಯೂರಿಯಂ ಹೊಮ್ಮಿಸುವ ಕಣಗಳು ಮಣ್ಣಿಗೆ ತಾಗಿ, ಆ ಮಣ್ಣಿನ ಮೂಲವಸ್ತುಗಳು ತಮ್ಮ ತಮ್ಮ ಗುರುತಿನ ಎಕ್ಸ್‌-ಕಿರಣಗಳನ್ನು ಹೊರಬಿಡುತ್ತಿದ್ದವು. ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ಕ್ಯೂರಿಯಂ ಬ್ಯಾಟರಿಯ ಹಂಗಿಲ್ಲದೆ ಹಗಲಿರುಳೂ ಕಣಗಳನ್ನು ಹೊಮ್ಮಿಸುತ್ತಲೇ ಇರುತ್ತದೆ. ಆದರೆ ಆ ಕಿರಣಗಳನ್ನು ಗ್ರಹಿಸಿ ದಾಖಲಿಸುವ ಡಿಟೆಕ್ಟರ್‌ಗೆ ವಿದ್ಯುತ್ ಇಲ್ಲದಿದ್ದರೆ ಅದರಿಂದ ಯಾವ ತಿಳಿವಳಿಕೆಯೂ ಹುಟ್ಟುವುದಿಲ್ಲ. ಎಡೆಬಿಡದ ಚಟುವಟಿಕೆಯೇ ಕಲಿಕೆಯಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಕಾಣದು. 2023ರ ಆಗಸ್ಟ್ 23ರಂದು ಇಳಿದ ಪ್ರಜ್ಞಾನ್, 100 ಮೀಟರಿಗೆ ತುಸು ಹೆಚ್ಚು ಸಾಗಿ, ಸೆಪ್ಟೆಂಬರ್ 2ರಂದು ನಿದ್ರೆಗೆ ಜಾರಿತು. ಬ್ಯಾಟರಿ ಪೂರ್ತಿ ತುಂಬಿತ್ತು, ಫಲಕ ಮುಂದಿನ ಸೂರ್ಯೋದಯದ ಕಡೆಗೆ ತಿರುಗಿತ್ತು. ಚಂದ್ರನ ಇರುಳಿನ ಚಳಿಯ ಬಳಿಕ ಅದು ಏಳಲಿಲ್ಲ. ಆದರೆ ಮಲಗುವ ಮೊದಲೇ ಅದರ ಮಾಹಿತಿಯೆಲ್ಲ ಲ್ಯಾಂಡರ್ ಮೂಲಕ ಭೂಮಿಗೆ ಬಂದಿತ್ತು. ಎಪಿಎಕ್ಸ್‌ಎಸ್‌ನ 23 ಅಳತೆಗಳನ್ನು ಆಧರಿಸಿದ ಲೇಖನ 2024ರ ಆಗಸ್ಟ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಎಳೆಯ ಚಂದ್ರನನ್ನು ಕರಗಿದ ಶಿಲೆಯ ಸಾಗರ ಆವರಿಸಿತ್ತೆಂಬ ಊಹೆಗೆ ಅದು ಬಲ ಕೊಟ್ಟಿತು. ಯಂತ್ರ ನಿಂತಿತು, ಕಲಿಕೆ ನಿಲ್ಲಲಿಲ್ಲ.

ಪ್ರಜ್ಞಾನ್ ತಾನಾಗಿ ಕಲಿಯುವ ರೋಬೋ ಅಲ್ಲವಲ್ಲ ಎನ್ನಬಹುದು. ನಿಜ. 4 ಮೀಟರ್ ಅಗಲದ ಕುಳಿ ಎದುರಾದಾಗ ಬಂದ ದಾರಿಯಲ್ಲೇ ಹಿಂದಿರುಗೆಂದು ಭೂಮಿಯಿಂದಲೇ ಆದೇಶ ಹೋಗಿತ್ತು. ಯಾವಾಗ ಮಲಗಬೇಕೆಂದು ಲೆಕ್ಕ ಹಾಕಿದವರೂ ಮನುಷ್ಯರೇ. ಆ ಲೆಕ್ಕ ಯಂತ್ರದೊಳಗೇ ಇರಬೇಕೆಂಬುದು ನನ್ನ ಮಾತು, ಅದೇನೂ ಹೊಸ ಕನಸಲ್ಲ. 1940ರ ದಶಕದ ಕೊನೆಯಲ್ಲಿ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಕಟ್ಟಿದ ಆಮೆಯಾಕಾರದ ಯಂತ್ರಗಳು ಚಾರ್ಜ್ ಇರುವಾಗ ಪ್ರಖರ ಬೆಳಕಿನಿಂದ ದೂರ ಸರಿಯುತ್ತಿದ್ದವು. ಚಾರ್ಜ್ ಇಳಿದಾಗ ಅದೇ ಬೆಳಕು ಅವನ್ನು ಚಾರ್ಜ್ ಆಗುವ ಗೂಡಿಗೆ ಸೆಳೆಯುತ್ತಿತ್ತು. ಒಂದೇ ದೀಪ, ಹಸಿವಿಗೆ ತಕ್ಕಂತೆ ಎರಡು ಅರ್ಥ.

ಇಷ್ಟೆಲ್ಲ ಏಕೆ, ಬ್ಯಾಟರಿಯನ್ನೇ ಬದಲಿಸಿದರಾಯಿತಲ್ಲ ಎಂಬ ಆಕ್ಷೇಪ ಬಲವಾದದ್ದು. ಅಹಮದಾಬಾದಿನಲ್ಲೇ 2019ರಲ್ಲಿ ಬ್ಯಾಟರಿ ಬದಲಿಸಿಕೊಳ್ಳುವ ಎಲೆಕ್ಟ್ರಿಕ್ ಬಸ್ಸುಗಳು ಬಿಆರ್‌ಟಿಎಸ್ ರಸ್ತೆಗೆ ಇಳಿದವು. ಬಸ್ಸಿಗೆ ಅದು ಸರಿಯಾದ ಉಪಾಯ, ಏಕೆಂದರೆ ಅದರ ದಾರಿ ಗೊತ್ತು, ಕೊನೆಯ ನಿಲ್ದಾಣ ಗೊತ್ತು, ಅಲ್ಲಿ ತಯಾರಾಗಿ ನಿಂತ ಜನರಿದ್ದಾರೆ. ಕಲಿಯುವ ರೋಬೋ ಗೊತ್ತಿಲ್ಲದ ಕಡೆಗೇ ಹೋಗಬೇಕಾದದ್ದು. ಅದಕ್ಕೂ ಬ್ಯಾಟರಿ ಬದಲಿಸಬಹುದು, ಆದರೆ ಬದಲಿಸುವ ಜಾಗಕ್ಕೆ ಮರಳಲು ಎಷ್ಟು ಬೇಕೆಂಬ ಲೆಕ್ಕ ತಪ್ಪದು. ಆ ಲೆಕ್ಕವೂ ಏರು, ಮರಳು, ಶೆಕೆಗೆ ತಕ್ಕಂತೆ ದಿನದಿನ ಬದಲಾಗುತ್ತದೆ.

ಸದಾ ಚಾರ್ಜಿನ ಚಿಂತೆಯಲ್ಲಿರುವ ಯಂತ್ರ ಅಂಜುಬುರುಕವಾಗಿ ಗೂಡಿನ ಸುತ್ತಲೇ ಸುಳಿದಾಡದೆ? ಈ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ಮರಳುವ ದಾರಿಗೆಂದು ಮೀಸಲಿಟ್ಟ ಪ್ರತಿ ವ್ಯಾಟ್-ಗಂಟೆಯೂ ನೋಡದೆ ಉಳಿದ ಒಂದು ತಾಣವೇ. ಆದರೂ ಎಲ್ಲಿಯವರೆಗೆ ಹೋಗಬಹುದೆಂಬ ಮಿತಿಯನ್ನು ಹೊರಗಿನವರು ಒಂದೇ ಅಂಕಿಯಲ್ಲಿ ಗೊತ್ತುಮಾಡಿದರೆ ಅದು ಅತಿ ಎಚ್ಚರದ್ದೇ ಆಗುತ್ತದೆ; ಯಂತ್ರವೇ ನಡೆದು ಕಲಿತರೆ ಗೊತ್ತಿರುವ ನೆಲದಲ್ಲಿ ಮೀಸಲು ತಗ್ಗುತ್ತದೆ, ಸುತ್ತಾಟ ಹಿಗ್ಗುತ್ತದೆ. ಮಲಗಿದ ಯಂತ್ರ ಮತ್ತೆ ಏಳುವುದೂ ಅಸಾಧ್ಯವಲ್ಲ: ಚೀನಾದ ಯುಟು-2 ರೋವರ್ 2019ರ ಜನವರಿಯಲ್ಲಿ ಚಂದ್ರನ ಆಚೆ ಬದಿಯಲ್ಲಿ ಇಳಿದು, ರೇಡಿಯೋಐಸೋಟೋಪ್ ಹೀಟರ್‌ಗಳ ಬೆಚ್ಚನೆಯಲ್ಲಿ ಇರುಳೆಲ್ಲ ಮಲಗುತ್ತ, ಹಗಲಾದಾಗ ಎದ್ದು ಮುಂದುವರಿಯುತ್ತ ವರ್ಷಗಟ್ಟಲೆ ಕೆಲಸ ಮಾಡಿತು. ಅಂಥ ಹೀಟರ್‌ಗಳನ್ನು ಚಂದ್ರಯಾನ-3ರ ಪ್ರೊಪಲ್ಷನ್ ಮಾಡ್ಯೂಲಿನಲ್ಲಿ ಪರೀಕ್ಷೆಗೆಂದು ಕಳಿಸಲಾಗಿತ್ತು. ಮುಂದಿನ ರೋವರ್‌ಗೆ ಅವು ದಕ್ಕಿದರೆ, ಮಲಗುವ ಹೊತ್ತನ್ನು ಗೊತ್ತುಮಾಡುವ ಅಧಿಕಾರವನ್ನೂ ಅದಕ್ಕೇ ಕೊಟ್ಟು ನೋಡಬೇಕು.