ಭೋಗದ ಪರಿಮಾಣ

ಗೃಹಸ್ಥನಾದವನು ತನ್ನ ಮನೆಗೆ ಎಷ್ಟು ವಿದ್ಯುಚ್ಛಕ್ತಿಯನ್ನು ಬೇಡಬಹುದು ಎಂಬ ಪ್ರಶ್ನೆ, ಮೇಲ್ನೋಟಕ್ಕೆ ಎಂಜಿನಿಯರನ ಕಾಗದದ ಮೇಲೆ ತೀರ್ಮಾನವಾಗತಕ್ಕ ಲೆಕ್ಕದ ಪ್ರಶ್ನೆಯಾಗಿ ತೋರಿದರೂ, ಅದರ ಬೇರನ್ನು ಹಿಡಿದು ಹೋದವರಿಗೆ ಧರ್ಮವಿಚಾರದ ಅಂಗಳವೇ ಎದುರಾಗುತ್ತದೆ. ಅಮೆರಿಕದಲ್ಲಿ, ವಿಶೇಷವಾಗಿ ಕ್ಯಾಲಿಫೋರ್ನಿಯದಂತಹ ರಾಜ್ಯಗಳಲ್ಲಿ, ಒಲೆಗೂ ಸ್ನಾನದ ನೀರಿಗೂ ಚಳಿಗಾಲದ ಶಾಖಕ್ಕೂ ಇದುವರೆಗೆ ಉರಿಯುತ್ತಿದ್ದ ಅನಿಲವನ್ನು ತ್ಯಜಿಸಿ, ಸಕಲವನ್ನೂ ವಿದ್ಯುತ್ತಿನಿಂದಲೇ ನಡೆಯಿಸಿಕೊಳ್ಳುವ ಸಂಕಲ್ಪವನ್ನು ಅನೇಕ ಕುಟುಂಬಗಳು ಕೈಗೊಂಡಿವೆ. ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ನೆಲೆಸಿರುವ ನಮ್ಮ ಕನ್ನಡದ ಮನೆಗಳಲ್ಲಿಯೂ ಈ ಮಾತು ನಡೆಯುತ್ತಿದೆ. ವಾಯುಮಂಡಲಕ್ಕೆ ಸೇರುವ ಇಂಗಾಲದ ಹೊರೆಯನ್ನು ತಗ್ಗಿಸಬೇಕೆಂಬ ಸದ್ಬುದ್ಧಿಯಿಂದ ಹೊರಟ ಈ ತ್ಯಾಗ, ಮರುಗಳಿಗೆಯಲ್ಲಿಯೇ ಒಂದು ಹೊಸ ಬೇಡಿಕೆಯಾಗಿ ಪರಿಣಮಿಸುತ್ತದೆ: ಹಳೆಯ ಮನೆಗೆ ಬಂದಿರುವ 100 ಆಂಪಿಯರಿನ ಸಂಪರ್ಕ ಸಾಲದು, 200 ಬೇಕು.

ಸಾಲದು ಎಂಬುದನ್ನು ತಿಳಿಯುವ ಬಗೆ ಯಾವುದು? ಮನೆಯಲ್ಲಿರುವ ಉಪಕರಣಗಳ ಮೇಲೆ ಬರೆದಿರುವ ಸಂಖ್ಯೆಗಳನ್ನೆಲ್ಲ ಕೂಡಿಬಿಡುವುದು ಸುಲಭವಾದ ಮಾರ್ಗ. 1897ರಲ್ಲಿ ಮೊದಲು ಪ್ರಕಟವಾಗಿ ಅಂದಿನಿಂದ ಪರಿಷ್ಕಾರಗೊಳ್ಳುತ್ತ ಬಂದಿರುವ ಆ ದೇಶದ ವಿದ್ಯುತ್ ಸಂಹಿತೆ ಈ ಸುಲಭಮಾರ್ಗವನ್ನು ಒಪ್ಪುವುದಿಲ್ಲ. ಅದರ 2023ರ ಆವೃತ್ತಿಯಲ್ಲಿ ಹೇಳಿರುವ ಕ್ರಮಗಳಲ್ಲೊಂದು ಹೀಗಿದೆ: ನೆಲದ ವಿಸ್ತಾರದ ಪ್ರತಿ ಚದರಡಿಗೆ 3 ವೋಲ್ಟ್-ಆಂಪಿಯರಿನಂತೆ ದೀಪಾದಿಗಳಿಗೆ, ಅಡುಗೆಮನೆಯ ಚಿಕ್ಕ ಉಪಕರಣಗಳ ಎರಡು ಸರ್ಕ್ಯೂಟುಗಳಿಗೂ ಬಟ್ಟೆ ಒಗೆಯುವುದಕ್ಕೂ ತಲಾ 1,500ರಂತೆ, ಅನಂತರ ಒಲೆ, ಗೀಸರು, ಬಟ್ಟೆ ಒಣಗಿಸುವ ಯಂತ್ರ, ಮೋಟಾರು ಗಾಡಿಯ ಚಾರ್ಜರು ಮುಂತಾದವುಗಳ ಪೂರ್ಣ ಪ್ರಮಾಣವನ್ನು ಕೂಡಬೇಕು; ಕೂಡಿದ ಮೊತ್ತದಲ್ಲಿ ಮೊದಲ 10,000ವನ್ನು ಪೂರ್ತಿಯಾಗಿ ಹಿಡಿದು, ಉಳಿದುದರಲ್ಲಿ ನೂರಕ್ಕೆ ನಲವತ್ತನ್ನು ಮಾತ್ರ ಎಣಿಸಬೇಕು. 2,000 ಚದರಡಿಯ ಒಂದು ಮನೆಗೆ ದೀಪಾದಿಗಳಿಗೂ ಆ ಸರ್ಕ್ಯೂಟುಗಳಿಗೂ ಕೂಡಿ 10,500, ಒಲೆಗೆ 12,000, ಗೀಸರಿಗೆ 4,500, ಪಾತ್ರೆ ತೊಳೆಯುವ ಯಂತ್ರಕ್ಕೆ 1,200, ಬಟ್ಟೆ ಒಣಗಿಸುವುದಕ್ಕೆ 5,000, ಗಾಡಿಗೆ 7,200 ಎಂದಿಟ್ಟುಕೊಂಡರೆ ಒಟ್ಟು 40,400 ಆಗುತ್ತದೆ. ಸಂಹಿತೆಯ ಕಣ್ಣಿಗೆ ಅದು 22,160. ಮನೆಯನ್ನು ಬೆಚ್ಚಗಿಡುವ ಹೀಟ್ ಪಂಪಿನ 5,000ವನ್ನು ಇದಕ್ಕೆ ಸೇರಿಸಿ 240 ವೋಲ್ಟಿನಿಂದ ಭಾಗಿಸಿದರೆ ಸುಮಾರು 113 ಆಂಪಿಯರು ಬರುತ್ತದೆ. ಕುರುಡಾಗಿ ಕೂಡಿದ್ದರೆ 189 ಬರುತ್ತಿತ್ತು.

ಈ ಎರಡು ಸಂಖ್ಯೆಗಳ ನಡುವಣ ಅಂತರ ನನ್ನ ಮನಸ್ಸನ್ನು ಬಹುವಾಗಿ ಆಕರ್ಷಿಸಿದೆ. ಮನುಷ್ಯನು ಸಂಗ್ರಹಿಸುವುದೆಷ್ಟು, ಒಂದು ಗಳಿಗೆಯಲ್ಲಿ ಅವನು ಅನುಭವಿಸಬಲ್ಲುದೆಷ್ಟು ಎಂಬ ಎರಡನ್ನು ಅಂಕೆಗಳಲ್ಲಿ ಬೇರ್ಪಡಿಸಿ ತೋರಿಸುವ ಲೆಕ್ಕ ಲೋಕದಲ್ಲಿ ವಿರಳ. ನಮ್ಮ ಜೈನಾಚಾರ್ಯರು ಶ್ರಾವಕನಿಗೆ, ಎಂದರೆ ಗೃಹಸ್ಥನಿಗೆ, ಪರಿಗ್ರಹ ಪರಿಮಾಣವೆಂಬ ಅಣುವ್ರತವನ್ನು ವಿಧಿಸಿ ಅಷ್ಟಕ್ಕೇ ತೃಪ್ತರಾಗಲಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವೆಂಬುದು ಗುಣವ್ರತಗಳಲ್ಲೊಂದಾಗಿ ಪ್ರತ್ಯೇಕ ಸ್ಥಾನವನ್ನು ಪಡೆದಿದೆ. ಇರಿಸಿಕೊಳ್ಳುವುದಕ್ಕೆ ಒಂದು ಎಲ್ಲೆ, ಇರಿಸಿಕೊಂಡುದನ್ನು ಅನುಭವಿಸುವುದಕ್ಕೆ ಇನ್ನೊಂದು ಎಲ್ಲೆ. ಒಲೆಯೂ ಗಾಡಿಯೂ ಒಗೆಯುವ ಯಂತ್ರವೂ ಒಂದೇ ಮನೆಯಲ್ಲಿದ್ದರೂ, ಒಡೆಯನ ಇಂದ್ರಿಯಗಳು ಒಂದನ್ನು ಬಿಟ್ಟಲ್ಲದೆ ಇನ್ನೊಂದಕ್ಕೆ ತಿರುಗಲಾರವು. ಭೋಗವು ಸ್ವಭಾವತಃ ಸರದಿಯಲ್ಲಿ ಬರತಕ್ಕದ್ದು. ಸಂಹಿತೆಯನ್ನು ರಚಿಸಿದವರು ಅಧ್ಯಾತ್ಮವನ್ನು ಉದ್ದೇಶಿಸಿರಲಿಲ್ಲ, ವಿದ್ಯುತ್ತಿನಿಂದ ಒದಗುವ ಅಪಾಯಗಳನ್ನು ತಪ್ಪಿಸುವುದಷ್ಟೇ ಅವರ ಕರ್ತವ್ಯವಾಗಿತ್ತು; ಆದರೂ ಮನೆಗಳನ್ನು ದೀರ್ಘಕಾಲ ಅವಲೋಕಿಸಿದುದರ ಫಲವಾಗಿ ಅವರು ಮುಟ್ಟಿದ ಸತ್ಯ ಇದೇ.

ಇಷ್ಟರಲ್ಲಿಯೂ ಅತಿ ಮಹತ್ತ್ವದ್ದೆಂದು ನನಗೆ ತೋರುವುದು ಹೀಟ್ ಪಂಪಿನ ವಿಷಯದಲ್ಲಿ ವಿದ್ಯುತ್ ಸಂಹಿತೆ ತೋರುವ ಗಾಂಭೀರ್ಯ. ಅದಕ್ಕೆ ನೂರಕ್ಕೆ ನಲವತ್ತನ್ನು ಮಾತ್ರ ಎಣಿಸುವ ರಿಯಾಯಿತಿಯಿಲ್ಲ. ಅದನ್ನು ಪೂರ್ತಿಯಾಗಿ ಎಣಿಸತಕ್ಕದ್ದು. ಬೇಸಗೆಯ ತಂಪಿಗೂ ಚಳಿಯ ಶಾಖಕ್ಕೂ ಬೇರೆ ಬೇರೆ ಯಂತ್ರಗಳಿದ್ದರೆ ಎರಡರಲ್ಲಿ ದೊಡ್ಡದನ್ನು ಮಾತ್ರ ಹಿಡಿದರೆ ಸಾಕು, ಏಕೆಂದರೆ ಆ ಋತುಗಳು ಕೂಡಿ ಬರುವುದಿಲ್ಲ. ಆದರೆ ಬಂದ ಚಳಿ ಮನೆಯವರ ಸಮಯವನ್ನು ನೋಡಿಕೊಂಡು ಬರುವುದಿಲ್ಲ, ಅಡುಗೆ ಮುಗಿಯಲೆಂದು ಕಾಯುವುದೂ ಇಲ್ಲ. ಸುಖ ಸರದಿಯಲ್ಲಿ ನಿಲ್ಲಬಲ್ಲುದು, ಕ್ಲೇಶ ನಿಲ್ಲಲಾರದು. ಹಸುಗೂಸಿಗೂ ವೃದ್ಧರಿಗೂ ಬೇಕಾದ ಶಾಖವನ್ನು ವಿಲಾಸಗಳೊಡನೆ ಒಂದೇ ತಕ್ಕಡಿಗೆ ಹಾಕದಿರುವ ಈ ವಿವೇಕವನ್ನು, ಸಂಯಮವನ್ನು ಬೋಧಿಸುವವರೆಲ್ಲರೂ ಗಮನಿಸಬೇಕೆಂದು ನಾನು ಬಯಸುತ್ತೇನೆ. ಅಗತ್ಯವನ್ನೂ ಆಸೆಯನ್ನೂ ಒಂದೇ ಸಮನಾಗಿ ಕತ್ತರಿಸುವ ವ್ರತ ಕ್ರೌರ್ಯಕ್ಕೆ ತಿರುಗುವುದನ್ನು ನಾವು ಕಂಡಿದ್ದೇವೆ.

ಬಳಸದ ಸಾಮರ್ಥ್ಯವಿದ್ದರೆ ಅದರಿಂದ ಯಾರಿಗೆ ನಷ್ಟ ಎಂದು ಕೇಳುವವರುಂಟು. 200 ಆಂಪಿಯರಿನ ಪೆಟ್ಟಿಗೆ ಗೋಡೆಯ ಮೇಲೆ ಸುಮ್ಮನಿದ್ದರೆ ಅದು ಶಕ್ತಿಯನ್ನೇನೂ ನುಂಗುವುದಿಲ್ಲವೆಂಬುದು ನಿಜ. ಆದರೆ ಅಮೆರಿಕದಲ್ಲಿ ಕಂಬದ ಮೇಲಿನ ಒಂದು ಟ್ರಾನ್ಸ್‌ಫಾರ್ಮರು ಹಲವು ಮನೆಗಳಿಗೆ ಆಶ್ರಯವಾಗಿರುತ್ತದೆ; ಎಲ್ಲರೂ ಏಕಕಾಲದಲ್ಲಿ ಬೇಡುವುದಿಲ್ಲವೆಂಬ ವಿಶ್ವಾಸದ ಮೇಲೆಯೇ ಅದರ ಗಾತ್ರ ನಿರ್ಣಯವಾಗಿರುತ್ತದೆ. ಪ್ರತಿಯೊಬ್ಬನೂ ಭಯದಿಂದ ತನ್ನ ಪಾಲನ್ನು ಇಮ್ಮಡಿಯಾಗಿ ಕಾದಿರಿಸಹೊರಟರೆ ತಂತಿ, ತಾಮ್ರ, ಟ್ರಾನ್ಸ್‌ಫಾರ್ಮರು ಎಲ್ಲವನ್ನೂ ಬದಲಾಯಿಸಬೇಕಾಗಿ ಬರಬಹುದು. ಅದರ ವೆಚ್ಚದಲ್ಲಿ ಒಂದು ಪಾಲು ಕೊನೆಗೆ ಬಡವನ ಬಿಲ್ಲನ್ನೂ ಮುಟ್ಟುತ್ತದೆ. ನಮ್ಮ ಕರ್ನಾಟಕದಲ್ಲಿ ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೂ ತಿಂಗಳ ನಿಗದಿ ಶುಲ್ಕವನ್ನು ತೆರಬೇಕಾಗಿರುವುದರಿಂದ, ಎಷ್ಟು ಬೇಕು ಎಂಬ ವಿಚಾರ ಗೃಹಸ್ಥನ ಮನಸ್ಸಿಗೆ ಸ್ವಲ್ಪಮಟ್ಟಿಗಾದರೂ ಹೊಳೆಯುತ್ತದೆ.

ಈಗಾಗಲೇ ಜನ ಬಾಳುತ್ತಿರುವ ಮನೆಗೆ ಸಂಹಿತೆ ಇನ್ನೊಂದು ದಾರಿಯನ್ನೂ ತೆರೆದಿದೆ: ಹಿಂದಿನ ಒಂದು ವರ್ಷದ ಮೀಟರಿನ ದಾಖಲೆಯಲ್ಲಿ ಅತ್ಯಧಿಕವಾದ ಬೇಡಿಕೆಯನ್ನು ಹುಡುಕಿ, ಅದನ್ನು ಒಂದೂಕಾಲು ಪಟ್ಟು ಮಾಡಿ, ಅದರ ಮೇಲೆ ಹೊಸ ಭಾರವನ್ನು ಕೂಡಬಹುದು. ಅನುಮಾನವನ್ನು ಬಿಟ್ಟು ಪ್ರತ್ಯಕ್ಷವನ್ನು ಪ್ರಮಾಣವಾಗಿ ಹಿಡಿಯುವ ಈ ಮಾರ್ಗ ನನಗೆ ಹೆಚ್ಚು ಪ್ರಿಯವಾದುದು. ಉಪಕರಣಗಳ ಪಟ್ಟಿಯಿಂದ ಊಹಿಸಿದ ಮೊತ್ತವನ್ನು ಮುಟ್ಟಿದ ಗಳಿಗೆ ಇಡೀ ವರ್ಷದಲ್ಲಿ ಒಂದೂ ಇಲ್ಲವೆಂದು ದಾಖಲೆಯಲ್ಲಿ ಕಂಡವನಿಗೆ, ತನ್ನ ಭಯ ಯಾವ ಪ್ರಮಾಣದ್ದೆಂಬುದೂ ಕಾಣುತ್ತದೆ. ಮೇಲೆ ಹಿಡಿಯುವ ಆ ಕಾಲು ಪಾಲನ್ನು ಲೋಭವೆನ್ನಲಾಗದು. ನಾಳೆಯನ್ನು ಅರಿಯದ ಜೀವಿ ನಾಳೆಗೆ ಸಲ್ಲಿಸುವ ಮರ್ಯಾದೆ ಅದು.

ಮೇಲಿನ ಉದಾಹರಣೆಯ 113 ಆಂಪಿಯರನ್ನು 100ರ ಒಳಗೆ ತರುವುದು ಸಾಧ್ಯವೆ? ಗಾಡಿ ಮತ್ತು ಬಟ್ಟೆ ಒಣಗಿಸುವ ಯಂತ್ರ ಏಕಕಾಲದಲ್ಲಿ ನಡೆಯದಂತೆ ತಡೆಯುವ ಸಾಧನವೊಂದನ್ನು ಇರಿಸಿ, ಗೀಸರಿಗೆ ಬದಲಾಗಿ 1,500ಕ್ಕೆ ಮೀರದ ಹೀಟ್ ಪಂಪಿನ ಜಲತಾಪಕವನ್ನು ತಂದರೆ ಒಟ್ಟು 23,960ಕ್ಕೆ ಇಳಿದು, ನೂರಕ್ಕೆ ಕೂದಲೆಳೆಯಷ್ಟು ಒಳಗೇ ನಿಲ್ಲುತ್ತದೆ. ಹಳೆಯ ಸಂಪರ್ಕವೇ ಸಾಕಾಯಿತು. ಆದರೆ ಯಂತ್ರ ಕಾಯ್ದುಕೊಡುವ ಈ ಮಿತಿಯನ್ನು ಸಂಯಮವೆಂದು ಕರೆಯಬಹುದೆ? ಇಚ್ಛೆಯಿಲ್ಲದ ನಿಗ್ರಹ ವ್ರತವಾಗಲಾರದೆಂಬುದು ನಮ್ಮ ಪರಂಪರೆಯ ದೃಢವಾದ ಅಭಿಪ್ರಾಯ. ಅನ್ನವಿಲ್ಲದೆ ಹಸಿದವನನ್ನು ಉಪವಾಸಿಯೆಂದು ಯಾರೂ ಪೂಜಿಸುವುದಿಲ್ಲ. ಹಾಗಿದ್ದರೂ ಆ ಸಾಧನವನ್ನು ತರುವ ಮೊದಲು ಯಾವುದು ಯಾವುದಕ್ಕೆ ದಾರಿ ಬಿಡಬೇಕೆಂಬುದನ್ನು ಗೃಹಸ್ಥನು ತಿಳಿದು, ಒಪ್ಪಿ, ನಿಶ್ಚಯಿಸಿದ್ದರೆ, ಆ ನಿಶ್ಚಯದಲ್ಲಿ ವ್ರತದ ಬೀಜವಿದೆಯೆಂದು ನಾನು ನಂಬುತ್ತೇನೆ. ಜೀವಾವಧಿ ಹಿಡಿದ ಮಿತಿಯನ್ನು ಯಮವೆಂದೂ ಗೊತ್ತಾದ ಕಾಲಕ್ಕೆ ಹಿಡಿದುದನ್ನು ನಿಯಮವೆಂದೂ ಸಮಂತಭದ್ರರು ವಿಂಗಡಿಸಿದ್ದಾರೆ. ಬಟ್ಟೆ ಒಣಗುವ ಒಂದು ಗಂಟೆ ಗಾಡಿ ಕಾಯಲಿ ಎಂಬುದು ಅಲ್ಪವಾದರೂ ನಿಯಮವೇ.

ಈ ನಿಶ್ಚಯವನ್ನು ಮಾಡತಕ್ಕವರು ಯಾರೆಂಬುದು ಮಾತ್ರ ಲೆಕ್ಕದ ಹಾಳೆಯಲ್ಲಿ ಬರೆದಿಲ್ಲ. ಒಲೆಯ ಮುಂದೆ ನಿಲ್ಲುವವರನ್ನೂ, ಬಟ್ಟೆ ಒಗೆಯುವವರನ್ನೂ, ಒಳಕೋಣೆಯಲ್ಲಿ ಚಳಿಗೆ ಮುದುಡುವ ಹಿರಿಯರನ್ನೂ ಕೇಳದೆ, ಸಂಪಾದಿಸುವವನೊಬ್ಬನೇ ಕಂಟ್ರಾಕ್ಟರನೊಡನೆ ಕುಳಿತು ಯಾರ ಕೆಲಸ ಕಾಯಬೇಕೆಂದು ಗೊತ್ತುಮಾಡಿದರೆ, ಮಿತಿ ಅವನದಾಗಿ ಕಾಯುವ ಕಷ್ಟ ಇನ್ನೊಬ್ಬರದಾಗುತ್ತದೆ. ಆದುದರಿಂದ ತಂತಿಯನ್ನು ಎಳೆಯುವ ಮೊದಲು, ಆ ಹಾಳೆಯನ್ನು ಮನೆಯವರೆಲ್ಲರ ಮುಂದಿರಿಸಿ, ಒಂದೊಂದು ಬಾಬನ್ನೂ ಓದಿ ಹೇಳಿ, ಅವರ ಸಮ್ಮತಿಯನ್ನು ಪಡೆಯತಕ್ಕದ್ದು.