ವಿಶ್ವಾಸದ ಅಂಕ, ವಿವೇಕದ ಪ್ರಶ್ನೆ

ವೃತ್ತಿಯನ್ನು ಆರಿಸಿಕೊಳ್ಳುವ ವಿದ್ಯಾರ್ಥಿಗೆ ತನ್ನ ಮೇಲೆ ಎಷ್ಟು ನಂಬಿಕೆಯಿದೆ ಎಂದು ಅಳೆಯಲು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕ್ಯಾರೆನ್ ಟೇಲರ್ ಮತ್ತು ನ್ಯಾನ್ಸಿ ಬೆಟ್ಜ್ 1983ರಲ್ಲಿ 50 ಪ್ರಶ್ನೆಗಳ ಮಾಪನವೊಂದನ್ನು ರೂಪಿಸಿದರು. 1996ರಲ್ಲಿ ಅದರ 25 ಪ್ರಶ್ನೆಗಳ ಕಿರುರೂಪ ಬಂತು. ಮುಂದಿನ ಐದು ವರ್ಷಗಳಿಗೆ ಯೋಜನೆ ಹಾಕಿಕೊಳ್ಳಬಲ್ಲೆಯಾ, ಆರಿಸಿಕೊಂಡದ್ದು ಹಿಡಿಸದಿದ್ದರೆ ಬದಲಿಸಬಲ್ಲೆಯಾ ಎಂಬಂಥ ಪ್ರಶ್ನೆಗಳ ಮುಂದೆ, ಒಂದಿಷ್ಟೂ ವಿಶ್ವಾಸವಿಲ್ಲ ಎಂಬಲ್ಲಿಂದ ಪೂರ್ಣ ವಿಶ್ವಾಸವಿದೆ ಎಂಬವರೆಗೆ ಎಲ್ಲೋ ಒಂದು ಕಡೆ ಗುರುತು ಹಾಕಬೇಕು. ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ವಿಜ್ಞಾನವೋ ವಾಣಿಜ್ಯವೋ ಕಲೆಯೋ ಎಂದು ತೀರ್ಮಾನಿಸಬೇಕಾದ ನಮ್ಮ ಮಕ್ಕಳಿಗೂ ಇವು ಬೇಕಾದ ಪ್ರಶ್ನೆಗಳೇ. ಆದರೆ ಹೀಗೆ ಸಿಗುವ ಅಂಕ ಆರಿಸುವ ಧೈರ್ಯವನ್ನಷ್ಟೇ ಹೇಳುತ್ತದೆ. ಆರಿಸಿದ ದಾರಿ ಒಳ್ಳೆಯದೇ ಎಂಬುದು ಬೇರೆಯೇ ಪ್ರಶ್ನೆ.

ಈ ವ್ಯತ್ಯಾಸವನ್ನು ಭಗವದ್ಗೀತೆಯ ಮೊದಲ ಅಧ್ಯಾಯ ಸ್ಪಷ್ಟವಾಗಿ ತೋರಿಸುತ್ತದೆ. ಅರ್ಜುನನ ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ಗಾಂಡೀವ ಕೈಜಾರುತ್ತದೆ. ಆದರೂ ಬಿಲ್ವಿದ್ಯೆಯ ಬಗ್ಗೆ ಅವನಿಗೆ ಅನುಮಾನವಿಲ್ಲ. ಗುರುಹಿರಿಯರನ್ನು ಕೊಂದು ಪಡೆಯುವುದು ಪಡೆಯತಕ್ಕದ್ದೇ ಎಂಬುದು ಅವನ ಸಂಕಟ. ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂದ ದುರ್ಯೋಧನನಿಗೆ ಅಂಥ ಅಳುಕೇ ಇರಲಿಲ್ಲ. ವಿಶ್ವಾಸವೊಂದನ್ನೇ ಅಳೆದರೆ ದುರ್ಯೋಧನನೇ ಗೆಲ್ಲುತ್ತಾನೆ. ಕೃಷ್ಣನಾದರೋ ದೀರ್ಘವಾಗಿ ತರ್ಕಿಸಿ, ಕೊನೆಯ ಅಧ್ಯಾಯದಲ್ಲಿ, ಇದೆಲ್ಲವನ್ನೂ ಪೂರ್ತಿ ವಿಮರ್ಶಿಸಿ ನಿನಗೆ ಸರಿಕಂಡಂತೆ ಮಾಡು ಎಂದು ತೀರ್ಮಾನವನ್ನು ಅವನಿಗೇ ಬಿಡುತ್ತಾನೆ. ಗೀತೆಯ ಸ್ವಧರ್ಮ ಹುಟ್ಟಿಗೆ ಕಟ್ಟಿದ ಕರ್ತವ್ಯವಲ್ಲವೇ, ವೃತ್ತಿಯ ಆಯ್ಕೆಗೆ ಅದು ಹೇಗೆ ಮಾದರಿಯಾದೀತು ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ, ಆ ಕಟ್ಟನ್ನು ಇಂದಿನ ಮಕ್ಕಳ ಮೇಲೆ ಹೇರಲಾಗದು. ನಾನು ಅಲ್ಲಿಂದ ತೆಗೆದುಕೊಳ್ಳುವುದು, ಸಂಶಯಪಟ್ಟವನನ್ನು ವಿಚಾರಕ್ಕೆ ಕರೆಯುವ ಆ ಗೌರವವನ್ನು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಸಂಶಯವನ್ನು ಹೊಗಳುತ್ತ ಕುಳಿತರೆ, ಅಂಜಿಕೆಯಿಂದಲೇ ಹಿಂದೆ ಉಳಿದ ಬಡಮನೆಯ ಮಗುವಿನ ಗತಿಯೇನು? ಮಾಪನ ನಿಜವಾಗಿ ನೆರವಾಗುವುದು ಇಲ್ಲಿಯೇ. ಅದಕ್ಕೆ ತಳಹದಿಯಾದ ಸಿದ್ಧಾಂತವನ್ನು 1977ರಲ್ಲಿ ಮಂಡಿಸಿದ ಆಲ್ಬರ್ಟ್ ಬಂಡೂರ, ಸ್ವತಃ ಮಾಡಿ ಗೆದ್ದ ಅನುಭವವೇ ಆತ್ಮವಿಶ್ವಾಸದ ಪ್ರಬಲ ಮೂಲವೆಂದರು. ಹಾಗಾದರೆ ಕಡಿಮೆ ಅಂಕದಲ್ಲಿ ಮಗುವಿನ ಕೊರತೆಗಿಂತ, ಅದಕ್ಕೆ ನಾವು ಕೊಡದೆ ಹೋದ ಅವಕಾಶಗಳೇ ಹೆಚ್ಚಾಗಿ ಕಾಣಬಹುದು. ಆದ್ದರಿಂದ ಅಳೆಯೋಣ, ಅಳೆದ ಮೇಲೆ, ನಿನ್ನ ಅನುಮಾನ ನಿನ್ನ ಮೇಲೋ, ಈ ದಾರಿಯ ಮೇಲೋ ಎಂದು ಕೇಳೋಣ. ತನ್ನ ಮೇಲೆ ಎಂದರೆ ಮಾಡಿ ನೋಡುವ ಅವಕಾಶ ಕೊಡುವುದು ಹಿರಿಯರ ಹೊಣೆ. ದಾರಿಯ ಮೇಲೆ ಎಂದರೆ ಧೈರ್ಯ ತುಂಬುವ ಅವಸರ ಬೇಡ. ಆ ಮಗು ಕೇಳುತ್ತಿರುವ ಪ್ರಶ್ನೆಗೆ ಉತ್ತರ ಹುಡುಕಲು ಜೊತೆಗೆ ಕೂರಬೇಕು.