ಹಗೇವಿನಲ್ಲಿ ಯಾರ ಕಾಳು?

ಭಾಷೆ ಅಂದರೆ ಮನುಷ್ಯಕುಲದ ಜ್ಞಾನದ ಕಣಜ ಅಂತ ಪಂಡಿತರು ಹೇಳುತ್ತಲೇ ಬಂದಿದ್ದಾರೆ. ಒಂದು ತಲೆಮಾರು ಕಲಿತದ್ದನ್ನು ಮಾತು ಹಿಡಿದಿಟ್ಟು ಇನ್ನೊಂದಕ್ಕೆ ದಾಟಿಸುತ್ತದೆ. ಹಾಗಾಗಿ ಹುಟ್ಟಿದ ಪ್ರತಿ ಮಗುವೂ ಬೆಂಕಿ ಮಾಡುವುದನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಇದು ಸುಳ್ಳೇನಲ್ಲ. ಆದರೆ ಕಣಜದ ಮಾತು ಬಂದಾಗ ನಮ್ಮ ಜನ ಕೇಳುವ ಪ್ರಶ್ನೆಗಳೇ ಬೇರೆ. ಕಾಳು ಬೆಳೆದವರು ಯಾರು? ತುಂಬಿದವರು ಯಾರು? ಹಸಿವಾದಾಗ ಅದರ ಬಾಯಿ ತೆರೆದದ್ದು ಯಾರಿಗೆ?

ಬಯಲುಸೀಮೆಯ ಊರುಗಳಲ್ಲಿ ರಾಗಿ, ಜೋಳ ತುಂಬಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರು. ತಿಂಗಳುಗಟ್ಟಲೆ ಮುಚ್ಚಿಟ್ಟ ಹಗೇವನ್ನು ತೆಗೆದರೆ ಒಳಗೆ ಉಸಿರು ಕಟ್ಟುವ ಗಾಳಿ. ಒಡೆಯನ ಹಗೇವಿಗೆ ಇಳಿಯುತ್ತಿದ್ದವನು ಒಡೆಯನಲ್ಲ, ಅವನ ಆಳು. ಕಾಳು ಮೇಲಕ್ಕೆ ಬಂದಮೇಲೆ ಅದು ಒಡೆಯನ ಕಾಳು. ಜ್ಞಾನದ ಹಗೇವಿನ ಕಥೆಯೂ ಇದಕ್ಕಿಂತ ಬೇರೆಯಲ್ಲ.

1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ನಾಡೇ ಹತ್ತಿ ಉರಿಯಿತು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಅವರು ಹೇಳಿದ್ದನ್ನು ಬೈಗುಳವೆಂದು ಕೇಳಿಸಿಕೊಂಡವರೇ ಹೆಚ್ಚು. ಅದರೊಳಗೆ ಒಂದು ಲೆಕ್ಕಾಚಾರವಿತ್ತು: ಈ ಕಣಜದಲ್ಲಿ ನನ್ನ ಜನಕ್ಕೆ ಕಾಳೆಷ್ಟು, ಹೊಟ್ಟೆಷ್ಟು? ಅದಕ್ಕೆ ಕಲ್ಲು ಹಿಡಿದವರು ಉತ್ತರ ಕೊಡಲಿಲ್ಲ.

ಬರವಣಿಗೆ ಇದ್ದವರು ಜ್ಞಾನ ಉಳಿಸಿಕೊಂಡರು, ಇಲ್ಲದವರು ಕಳೆದುಕೊಂಡರು ಅಂತ ಕೆಲವರು ಸುಲಭವಾಗಿ ಹೇಳಿಬಿಡುತ್ತಾರೆ. ಹಾಗಲ್ಲ. ವೇದವೂ ಬಹುಕಾಲ ಬಾಯಲ್ಲೇ ಉಳಿದದ್ದು. ಅದನ್ನು ಶ್ರುತಿ ಅಂತಾರೆ, ಅಂದರೆ ಕೇಳಿಸಿಕೊಂಡದ್ದು. ಅಕ್ಷರವಿಲ್ಲದೆ ಸಾವಿರಾರು ಸಾಲುಗಳನ್ನು ಸ್ವರ ತಪ್ಪದಂತೆ ಕಾಪಾಡಿದ ಸಾಹಸ ಸಣ್ಣದಲ್ಲ, ಒಪ್ಪೋಣ. ನೀಲಗಾರರೂ ಮಂಟೇಸ್ವಾಮಿಯ ಕಥೆಯನ್ನು ಬಾಯಲ್ಲೇ ಕಾಪಾಡಿದರು. ಆದರೆ ನೀಲಗಾರ ತಂಬೂರಿ ಮೀಟುತ್ತ ರಾತ್ರಿಯಿಡೀ ಹಾಡಿದ್ದು ಬಂದವರೆಲ್ಲ ಕೇಳಲಿ ಅಂತ. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕರಗಿಸಿದ ತವರ, ಅರಗು ಹೊಯ್ಯಬೇಕೆಂದು ಗೌತಮ ಧರ್ಮಸೂತ್ರ ಬರೆದಿಟ್ಟಿತು. ಎರಡೂ ಬಾಯಿಮಾತೇ. ಒಂದಕ್ಕೆ ಬೀಗ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಆ ಬೀಗ ಎಷ್ಟು ಗಟ್ಟಿ ಅಂದರೆ, ಇಪ್ಪತ್ತನೇ ಶತಮಾನದ ಬೊಂಬಾಯಿಯ ಶಾಲೆಯಲ್ಲೂ ಬಾಲಕ ಅಂಬೇಡ್ಕರರಿಗೆ ಸಂಸ್ಕೃತ ಸಿಕ್ಕಲಿಲ್ಲ; ಪರ್ಶಿಯನ್ ಓದಬೇಕಾಯಿತು. ಸಂಸ್ಕೃತವನ್ನು ಅವರು ಆಮೇಲೆ ತಾವೇ ಪಟ್ಟುಹಿಡಿದು ಕಲಿತರು. ಕಲಿತು ಆ ಗ್ರಂಥಗಳ ಹೊಟ್ಟೆಯೊಳಗೆ ಏನಿದೆ ಅಂತ ಲೋಕಕ್ಕೆ ತೋರಿಸಿದರು. ಬೀಗ ಹಾಕಿದವರ ಭಯ ಯಾಕೆ ಅಂತ ಆಗ ಗೊತ್ತಾಯಿತು.

ಈಗ ನಮ್ಮ ಕೇರಿಯ ಮಾತಿಗೆ ಬರೋಣ. ಕನ್ನಡದಲ್ಲಿ ‘ಹದ’ ಅಂತ ಒಂದು ಪದ ಇದೆ. ಮಣ್ಣು ಹದವಾಗಿದೆ, ಬಿತ್ತಬಹುದು ಅಂತಾರೆ. ಮುದ್ದೆ ಹದ ತಪ್ಪಿತು ಅಂತಾರೆ. ತೊಗಲು ಹದ ಮಾಡುವುದು, ತಮಟೆ ಕಾಸಿ ಹದ ಮಾಡುವುದು. ಇಷ್ಟು ಡಿಗ್ರಿ, ಇಷ್ಟು ಗಂಟೆ ಅಂತ ಹೇಳಲಾಗದ, ಕೈಗೆ ಮೂಗಿಗೆ ಕಿವಿಗೆ ಮಾತ್ರ ಗೊತ್ತಾಗುವ ಒಂದು ಘಳಿಗೆಗೆ ಈ ಪದ ಹೆಸರು ಕೊಟ್ಟಿದೆ. ಯಾವ ಪಂಡಿತನೂ ಕೂತು ಕಟ್ಟಿದ ಪಾರಿಭಾಷಿಕವಲ್ಲ ಇದು. ಹೊಲದಲ್ಲಿ, ಒಲೆಯ ಮುಂದೆ, ತೊಗಲಿನ ಬಾನಿಯ ಪಕ್ಕ ಗೇಯ್ದವರ ಬಾಯಲ್ಲಿ ಬದುಕಿದ ಪದ.

ತೊಗಲಿನ ಹದ ಅಂದರೆ ಏನು ಅಂತ ಒಂದಿಷ್ಟು ನೋಡಿ. ಹಸಿ ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಬೇಕು, ಕೂದಲ ಬುಡ ಸಡಿಲವಾಗಲಿಕ್ಕೆ. ಸುಣ್ಣ ಹೆಚ್ಚಾದರೆ, ದಿನ ಹೆಚ್ಚಾದರೆ ತೊಗಲು ಕೆಡುತ್ತದೆ. ಕೂದಲು ಹೆರೆದು, ಒಳಮೈಯ ಮಾಂಸ ಕೆರೆದು, ಸುಣ್ಣವೆಲ್ಲ ಹೋಗುವ ಹಾಗೆ ತೊಳೆಯಬೇಕು. ಆಮೇಲೆ ತಂಗಡಿ ಚಕ್ಕೆಯ ಒಗರು ನೀರು. ಒಗರು ಒಮ್ಮೆಗೇ ಜಾಸ್ತಿಯಾದರೆ ಮೇಲ್ಮೈ ಮಾತ್ರ ಹಿಡಿದು ಒಳಗೆ ಹಸಿಯೇ ಉಳಿಯುತ್ತದೆ. ಮೊದಲು ತೆಳು ನೀರು, ಆಮೇಲೆ ಗಟ್ಟಿ. ತೊಗಲನ್ನೇ ಚೀಲದ ಹಾಗೆ ಹೊಲಿದು, ಒಳಗೆ ಚಕ್ಕೆ ನೀರು ತುಂಬಿ, ತೂಗುಹಾಕಿ ಸೋರಲು ಬಿಡುವುದೂ ಉಂಟು. ಅಳಲೆಕಾಯಿಯನ್ನೂ ಬಳಸುತ್ತಾರೆ. ಇದು ಪಕ್ಕಾ ರಸಾಯನಶಾಸ್ತ್ರ ಕಣ್ರೀ. ಮದರಾಸಿನಲ್ಲಿ 1948ರಲ್ಲಿ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಶುರುವಾಯಿತು. ಅಲ್ಲಿ ಇದೇ ತೊಗಲು, ಇದೇ ಸುಣ್ಣ, ಇದೇ ಒಗರಿನ ಮೇಲೆ ಡಾಕ್ಟರೇಟು. ಅದಕ್ಕೆ ಚರ್ಮತಂತ್ರಜ್ಞಾನ ಅಂತ ಹೆಸರು, ನಾತ ಬಾರದ ಹೆಸರು. ಅದನ್ನೇ ಕೇರಿಯವನು ‘ತೊಗಲು ಹದ’ ಅಂದರೆ ಕುಲಕಸುಬು, ಮೂಗು ಮುಚ್ಚಿಕೊಳ್ಳುವ ಮಾತು.

ಆ ತೊಗಲಿನಿಂದಲೇ ಮಿಣಿ, ಬಾರುಕೋಲು, ಕಪಿಲೆಯ ಚೀಲ. ಪಂಪುಸೆಟ್ಟು ಬರುವ ಮೊದಲು ಒಡೆಯನ ತೋಟಕ್ಕೆ ನೀರೆತ್ತಿದ್ದು ಆ ಕಪಿಲೆ. ತೊಗಲು ಬಾವಿಗೆ ಇಳಿಯಬಹುದಿತ್ತು. ಅದನ್ನು ಹದ ಮಾಡಿದವನು ಅದೇ ಬಾವಿಯ ಹತ್ತಿರ ಸುಳಿಯುವ ಹಾಗಿರಲಿಲ್ಲ.

ಹನ್ನೆರಡನೇ ಶತಮಾನದ ಶರಣರು ಬೀಗ ಒಡೆದರಲ್ಲ ಅನ್ನಬಹುದು. ಹೌದು, ಒಡೆದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಾದಾರ ಧೂಳಯ್ಯ ಇವರ ಹೆಸರುಗಳು ಕನ್ನಡದಲ್ಲಿ ಉಳಿದದ್ದು ಆ ಚಳವಳಿಯಿಂದ. ದೊಡ್ಡ ಮಾತನ್ನು ಜನ ಆಡುವ ಕನ್ನಡದಲ್ಲೇ ಆಡಬಹುದು ಅಂತ ತೋರಿಸಿದ್ದೂ ಅವರೇ. ಫ.ಗು. ಹಳಕಟ್ಟಿಯವರು ಮಠದ, ಮನೆಗಳ ಓಲೆಗರಿ ಹುಡುಕಿ 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿಸದೆ ಇದ್ದಿದ್ದರೆ ಇವತ್ತು ಅದರಲ್ಲೆಷ್ಟು ನಮ್ಮ ಕೈಗೆ ಸಿಗುತ್ತಿತ್ತೋ. ಆದರೂ ಒಂದು ಮಾತು ಹೇಳಲೇಬೇಕು. ಅಲ್ಲಿ ತೊಗಲು, ಉಳಿ, ಬಾನಿ ಬಂದದ್ದು ಹೆಚ್ಚಾಗಿ ಕಾಯಕ್ಕೆ, ಜೀವಕ್ಕೆ, ಲಿಂಗಕ್ಕೆ ಉಪಮೆಯಾಗಿ. ಕಸುಬಿನ ಮಾತು ಅಧ್ಯಾತ್ಮದ ಹೆಗಲೇರಿ ಒಳಗೆ ಬಂತು. ಕಸುಬಿನ ಅರಿವು ಅರಿವಾಗಿಯೇ ಬಾಗಿಲು ದಾಟಲಿಲ್ಲ.

ಬಾಗಿಲು ದಾಟದ ಅರಿವಿಗೆ ಏನಾಗುತ್ತೆ ಅನ್ನೋದಕ್ಕೆ ಅರಿಶಿನದ ಮೊಕದ್ದಮೆ ಸಾಕ್ಷಿ. ಗಾಯಕ್ಕೆ ಅರಿಶಿನ ಹಚ್ಚುವುದು ಹೊಸ ಶೋಧ ಅಂತ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟು ಸಿಕ್ಕಿತು. ನಗಬೇಡಿ, ಸಿಕ್ಕಿತು. ನಮ್ಮ ವೈಜ್ಞಾನಿಕ ಸಂಶೋಧನಾ ಮಂಡಳಿ ತಕರಾರು ಹಾಕಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಹೇಗೆ? ಹಳೆಯ ಗ್ರಂಥಗಳನ್ನು ತೋರಿಸಿ, 1953ರಲ್ಲಿ ವೈದ್ಯರ ಪತ್ರಿಕೆಯೊಂದರಲ್ಲಿ ಅಚ್ಚಾದ ಲೇಖನ ತೋರಿಸಿ. ಕೋಟ್ಯಂತರ ಅಜ್ಜಿಯರು ಮೊಮ್ಮಕ್ಕಳ ಮೊಣಕಾಲಿಗೆ ಅರಿಶಿನ ಮೆತ್ತಿದ್ದು ಅಲ್ಲಿ ಲೆಕ್ಕಕ್ಕಿಲ್ಲ. ಬೇರೆ ದೇಶದ ಜನರ ರೂಢಿ ಅಚ್ಚಾಗಿದ್ದರೆ ಮಾತ್ರ ಅದು ತಿಳಿದಿದ್ದ ವಿಷಯ, ಬರೀ ಮಾಡುತ್ತಿದ್ದರೆ ಅಲ್ಲ ಅಂತ ಅಂದಿನ ಅಮೆರಿಕದ ಕಾನೂನು. ಅದು ತಿದ್ದುಪಡಿಯಾಗಿ ಜಾರಿಗೆ ಬಂದದ್ದು 2013ರಲ್ಲಿ. ಈ ಗಲಾಟೆಯಿಂದ ಎಚ್ಚೆತ್ತ ಭಾರತ ಸರ್ಕಾರ 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಭಂಡಾರವೊಂದನ್ನು ಶುರುಮಾಡಿತು. ಒಳ್ಳೆಯ ಕೆಲಸವೇ. ಆದರೆ ಅದಕ್ಕೂ ಆಧಾರ ಆಯುರ್ವೇದ, ಯುನಾನಿ, ಸಿದ್ಧ ವೈದ್ಯದ ಗ್ರಂಥಗಳು. ಗ್ರಂಥವಿಲ್ಲದ ಸೂಲಗಿತ್ತಿಯ ಅರಿವು ಎಲ್ಲಿಗೆ ಹೋಗಬೇಕು? ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿದವರು, ಶಾಲೆಯ ಮುಖ ನೋಡಿದವರಲ್ಲ. 2018ರಲ್ಲಿ ಪದ್ಮಶ್ರೀ ಬಂತು, ಆ ವರ್ಷದ ಕೊನೆಯಲ್ಲೇ ತೀರಿಕೊಂಡರು. ಸನ್ಮಾನಕ್ಕೆ ಹಾರ ಸಾಕು. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎಲ್ಲಿದೆ ಅಂತ ಹೇಳುವ ಅರಿವಿಗೆ ಹಾರ ಹಾಕಿ ಏನು ಪ್ರಯೋಜನ?

ಹಾಗಾದರೆ ಎಲ್ಲವನ್ನೂ ಉಳಿಸಬೇಕಾ? ಇಲ್ಲೇ ತೊಡಕು. ‘ನಿಮ್ಮ ತಮಟೆ ಅದ್ಭುತ ಕಲೆ, ಬಿಡಬೇಡಿ’ ಅಂತ ಪೇಟೆಯ ಸಂಸ್ಕೃತಿಪ್ರಿಯರು ನಮ್ಮ ಹುಡುಗರಿಗೆ ಬುದ್ಧಿ ಹೇಳುತ್ತಾರೆ. ಅವರ ಮಕ್ಕಳು ತಮಟೆ ಹಿಡಿದದ್ದು ನಾ ಕಾಣೆ. ಹೆಣದ ಮುಂದೆ, ದೇವರ ಮುಂದೆ, ಕೂಲಿ ಕೇಳದೆ ಬಡಿಯಬೇಕಿದ್ದ ಬಿಟ್ಟಿಚಾಕರಿಯನ್ನು ಒಬ್ಬ ಹುಡುಗ ‘ಒಲ್ಲೆ’ ಅಂದರೆ ಅದು ಸಂಸ್ಕೃತಿಯ ನಾಶವಲ್ಲ, ಮನುಷ್ಯ ಎದ್ದು ನಿಲ್ಲುವ ಸದ್ದು. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂದಾಗ ಯಾವ ಪರಂಪರೆ ಹಾಳಾಗುತ್ತೆ ಅಂತ ಯೋಚಿಸಿದರಾ? ಜ್ಞಾನ ಉಳಿಯಲಿ ಅಂತ ಒಬ್ಬನ ಮಗನನ್ನು ಅಪ್ಪನ ಗುಂಡಿಗೇ ಇಳಿಸುವುದು ಅನ್ಯಾಯ. ಅಂಥ ಜ್ಞಾನ ಸತ್ತರೆ ಸಾಯಲಿ ಅನ್ನುವ ಗೆಳೆಯರಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತೆ.

ಆದರೂ ನಾನು ಅಲ್ಲಿಗೇ ನಿಲ್ಲಲಾರೆ. ಕಾರಣ, ಮಾತಿಗೆ ಒಂದು ಶಕ್ತಿ ಇದೆ: ಅರಿವನ್ನು ಅದು ಹುಟ್ಟಿನಿಂದ ಬಿಡಿಸಬಲ್ಲದು. ಕೈಯಿಂದ ಕೈಗೆ, ಅಪ್ಪನಿಂದ ಮಗನಿಗೆ ಮಾತ್ರ ದಾಟುವ ತನಕ ಅರಿವು ಜಾತಿಯ ಗೂಟಕ್ಕೆ ಕಟ್ಟಿದ ದನ. ಬಿಚ್ಚಿ ಹೇಳಿದ ದಿನ, ಬರೆದ ದಿನ, ಅದನ್ನು ಯಾರು ಬೇಕಾದರೂ ಕಲಿಯಬಹುದು, ಯಾರು ಬೇಕಾದರೂ ಬಿಡಬಹುದು. ಶಾಸ್ತ್ರಿಗಳ ಮಗ ತೊಗಲು ಹದ ಮಾಡಲಿ, ಮಾದಿಗರ ಮಗಳು ಪಾಣಿನಿಯನ್ನು ಓದಿ ತಪ್ಪು ಹುಡುಕಲಿ. ಕೈಯ ಹದ ಪುಸ್ತಕದಿಂದ ಪೂರ್ತಿ ಬರೋದಿಲ್ಲ, ಗೊತ್ತು. ಮುದ್ದೆಯ ಹದವೂ ಬರೋದಿಲ್ಲ. ಮಾತು ಬಾಗಿಲ ತನಕ ಕರೆದುಕೊಂಡು ಹೋಗುತ್ತೆ, ಮುಂದೆ ಕೈ ಸುಟ್ಟುಕೊಂಡೇ ಕಲಿಯಬೇಕು. ಆದರೆ ಬಾಗಿಲು ಎಲ್ಲಿದೆ ಅಂತಲೇ ಗೊತ್ತಿಲ್ಲದವನ ಪಾಡು ಬೇರೆ.

ಇನ್ನು ಕೆಲವು ಅರಿವು ಇವೆ, ಅವು ಯಾರಿಗೂ ಬರಬಾರದು. ಮ್ಯಾನ್‌ಹೋಲಿಗೆ ಇಳಿಯುವವನಿಗೆ ಒಳಗಿನ ಗಾಳಿ ಕೊಲ್ಲುತ್ತೋ ಬಿಡುತ್ತೋ ಅಂತ ಅಂದಾಜು ಮಾಡುವ ಒಂದು ವಿದ್ಯೆ ಇರುತ್ತೆ. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು ಬಂದಮೇಲೂ ಜನ ಆ ಗುಂಡಿಗಳಲ್ಲಿ ಸತ್ತಿದ್ದಾರೆ. ಆ ವಿದ್ಯೆ ಮುಂದಿನ ಪೀಳಿಗೆಗೆ ದಾಟಬೇಕಿಲ್ಲ. ಆದರೆ ಅವನ ಮಾತು ದಾಟಬೇಕು, ಪಾಠವಾಗಿ ಅಲ್ಲ, ಸಾಕ್ಷಿಯಾಗಿ. ಒಂದೇ ಬಾಯಿಂದ ಬರುವ ಈ ಎರಡನ್ನೂ ಬೇರೆ ಮಾಡಿ ನೋಡುವುದು ನಮ್ಮ ಬರಹಗಾರರ ಕೆಲಸ.

ನಮ್ಮವರ ಬೀಗಗಳೂ ಇವೆ, ಮುಚ್ಚಿಡುವುದು ಬೇಡ. ‘ಹೇಳ್ಕೊಟ್ರೆ ಔಷ್ದಿ ನಾಟಲ್ಲ’ ಅಂತ ಬೇರಿನ ಹೆಸರು ಬಚ್ಚಿಟ್ಟುಕೊಂಡೇ ತೀರಿಹೋದ ನಾಟಿವೈದ್ಯರು ಊರಿಗೊಬ್ಬರು. ಮಗನಿಗೆ ಹೇಳಿ ಮಗಳಿಗೆ ಹೇಳದವರೂ ಉಂಟು. ಹೊಟ್ಟೆಪಾಡಿನ ಭಯ ಅದು, ನಿಜ; ಬೇರು ಗೊತ್ತಾದರೆ ಬೇರೆಯವನು ಅಂಗಡಿ ಇಡುತ್ತಾನೆ. ಆದರೆ ಬೇರಿನ ಜೊತೆ ಹೆಸರೂ ಮಣ್ಣಾದರೆ ಗೆದ್ದವರು ಯಾರು?

ಇದರ ಜೊತೆಗೆ ಶಾಲೆಯ ಪುಸ್ತಕದ ಕನ್ನಡ. ಎಲೆ ಬಿಸಿಲಲ್ಲಿ ತನ್ನ ಅನ್ನ ತಾನೇ ಬೇಯಿಸಿಕೊಳ್ಳುವುದನ್ನು ದ್ಯುತಿಸಂಶ್ಲೇಷಣೆ ಅಂತ ಬರೆದು ಕೂಲಿಯವಳ ಮಗನ ಕೈಗೆ ಕೊಡುತ್ತಾರೆ. ಅವನು ಉರುಹೊಡೆಯುತ್ತಾನೆ. ಕನ್ನಡದಲ್ಲೇ ಬರೆದ ಮಂತ್ರ ಅದು, ಇದೂ ಒಂದು ಬೀಗ. ಅವನವ್ವನಿಗೆ ಯಾವ ಮಳೆಗೆ ಯಾವ ಕಾಳು ಹಾಕಬೇಕು ಅಂತ ಗೊತ್ತು; ಆ ಪದಗಳು ಪುಸ್ತಕದಲ್ಲಿಲ್ಲ. ಹೀಗಾಗಿ ಹುಡುಗ ಮನೆಯಲ್ಲಿ ಇರುವುದು ಅಜ್ಞಾನ, ಪುಸ್ತಕದಲ್ಲಿ ಇರುವುದು ಜ್ಞಾನ ಅಂದುಕೊಂಡು ಬೆಳೆಯುತ್ತಾನೆ. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಅನ್ನುವ ಎದೆಗಾರಿಕೆ ಅವನಜ್ಜಿಗಿತ್ತು, ಅವನಿಗಿಲ್ಲ. (ಗಾದೆಗಳಲ್ಲಿ ನಮ್ಮ ಜಾತಿಯನ್ನು ತುಳಿಯುವ ಹೊಲಸೂ ಬೇಕಾದಷ್ಟಿದೆ. ಭಾಷೆ ಅರಿವನ್ನು ಕಾಪಾಡಿದಷ್ಟೇ ಜತನವಾಗಿ ಅವಮಾನವನ್ನೂ ಕಾಪಾಡುತ್ತೆ.)

ಈಗ ಓದಿದ ನಮ್ಮ ಹುಡುಗ ಹುಡುಗಿಯರೇ ಮೊಬೈಲು ಹಿಡಿದು ಕೇರಿಗಳಿಗೆ ಹೋಗಿ ಹಿರಿಯರ ಮಾತು ಹಿಡಿದಿಡುತ್ತಿದ್ದಾರೆ. ಮೊದಲು ಹೊರಗಿನವರು ಬರುತ್ತಿದ್ದರು, ಬರೆದುಕೊಂಡು ಹೋಗುತ್ತಿದ್ದರು, ಪುಸ್ತಕ ಬಂದದ್ದು ಕೇರಿಗೆ ಗೊತ್ತೇ ಆಗುತ್ತಿರಲಿಲ್ಲ. ಆದ್ದರಿಂದ ಈ ಮಕ್ಕಳಿಗೆ ಒಂದು ಮಾತು. ಹೇಳಿದವರ ಹೆಸರು, ಅವರು ಒಪ್ಪಿದರೆ, ಮೊದಲ ಪುಟದಲ್ಲಿ ಹಾಕಿ. ಅವರ ಪದವನ್ನು ತಿದ್ದಬೇಡಿ. ತೊಗಲನ್ನು ಚರ್ಮ ಮಾಡಬೇಡಿ. ಬರೆದದ್ದನ್ನು ತಗೊಂಡು ಇನ್ನೊಂದು ಸಲ ಹೋಗಿ, ಅದೇ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಿ. ‘ಹಂಗಲ್ಲ ಕಣ್ ಮಗ, ಸುಣ್ಣ ಮೊದ್ಲು’ ಅಂತ ಯಾರಾದರೂ ನಡುವೆ ಬಾಯಿ ಹಾಕುತ್ತಾರೆ. ಅದನ್ನೂ ಬರೆದುಕೊಳ್ಳಿ.